ಖಪ್ಲಿಯ ಹೊಟ್ಟು, ಬನ್ಸಿಯ ಕಾಳು

ಮೂಡುಬಿದಿರೆ, ಬಂಟ್ವಾಳದ ಅಂಗಡಿಗಳಿಗೂ ಈಗ ಖಪ್ಲಿ ಗೋಧಿಹಿಟ್ಟು ಬರುತ್ತಿದೆ. ‘ಇದರಲ್ಲಿ ಗ್ಲುಟೆನ್ ಇಲ್ಲವಂತೆ, ಹೌದೇ?’ ಎಂದು ಬೆಳ್ತಂಗಡಿಯ ಓದುಗರೊಬ್ಬರು ಕೇಳಿದ್ದಾರೆ. ಖಂಡಿತ ಇದೆ. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ತಿನ್ನಲೇಬಾರದು. ‘ಪುರಾತನ ಧಾನ್ಯ’ ಎಂಬ ಹೆಸರಿನಲ್ಲಿ ಇಂಥ ನಂಬಿಕೆ ಬಿತ್ತುವುದು ಅಪಾಯಕಾರಿ. ಆದರೆ ಬೆಳೆಯಾಗಿ ಖಪ್ಲಿಯ ಹಿರಿಮೆ ನಿಜವಾದದ್ದೇ.

ಕರಾವಳಿಯ ಸೆಕೆಗೆ ಗೋಧಿ ಒಗ್ಗದು. ಬೆಳಗಾವಿ, ಬಾಗಲಕೋಟೆ ಕಡೆಯವರು ಸದಕ ಎಂದು ಕರೆದು, ಹುಗ್ಗಿಗೆಂದೇ ಬೆಳೆಯುವ ಗೋಧಿ ಈ ಖಪ್ಲಿ. ಒಕ್ಕಿದಾಗ ಕಾಳು ಉದುರುವುದಿಲ್ಲ. ತೆನೆ ತುಂಡಾಗಿ, ಗಟ್ಟಿ ಹೊಟ್ಟಿನೊಳಗೆ ಸಾಮಾನ್ಯವಾಗಿ ಎರಡೆರಡು ಕಾಳು ಉಳಿಯುತ್ತವೆ. ನಮ್ಮ ಭತ್ತದಂತೆ ಇದನ್ನೂ ಮಿಲ್ಲಿಗೆ ಹಾಕಿ ಹೊಟ್ಟು ಬಿಡಿಸಬೇಕು. ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಅಲ್ಲೇ ಹೋಗುತ್ತದೆ. ಬನ್ಸಿ ರವೆ ಕೊಡುವ ಡ್ಯೂರಂ ಗೋಧಿಯಾದರೆ ಕಣದಲ್ಲೇ ಬೆತ್ತಲೆ ಕಾಳಾಗಿ ಉದುರುತ್ತದೆ. ರೈತ ಡ್ಯೂರಂ ಕಡೆ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ. ಹಳೆಯ ಸದಕ ಎತ್ತರ ಬೆಳೆದು ನೆಲಕ್ಕೆ ಒರಗುತ್ತಿತ್ತು ಕೂಡ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1009ರಂಥ ಗಿಡ್ಡ ತಳಿಗಳು ಆ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿವೆ.

ಖಪ್ಲಿ, ಡ್ಯೂರಂ ಎರಡರಲ್ಲೂ 28 ವರ್ಣತಂತುಗಳು. ಡ್ಯೂರಂ ಹುಟ್ಟಿದ್ದೇ ಈ ಹೊಟ್ಟುಗೋಧಿಯ ವಂಶದಲ್ಲಿ. ಕೆಲವೇ ಜೀನ್‌ಗಳು ಬದಲಾಗಿ ಹೊಟ್ಟು ಸಡಿಲವಾಯಿತು. ಇವುಗಳ ಕಾಡು ಪೂರ್ವಜವನ್ನು 1906ರಲ್ಲಿ ಸಸ್ಯವಿಜ್ಞಾನಿ ಆರನ್ ಆರನ್‌ಸನ್ ಗಲಿಲೀಯ ರೋಶ್ ಪಿನಾದಲ್ಲಿ ಬಂಡೆಯ ಸಂದಿನಲ್ಲಿ ಕಂಡರು. ಅದಕ್ಕೂ ಮುನ್ನ, 1873ರಲ್ಲಿ, ವಿಯೆನ್ನಾದ ಸಂಗ್ರಹಾಲಯದಲ್ಲಿ ಒಣಗಿಸಿಟ್ಟ ಮಾದರಿಯೊಂದರಲ್ಲಿ ಜರ್ಮನಿಯ ಕೋರ್ನಿಕೆ ಅದನ್ನು ಗುರುತಿಸಿದ್ದರು. ಗಿಡ ಜೀವಂತ ಸಿಗಲು ಮೂವತ್ತಮೂರು ವರ್ಷ ಕಾಯಬೇಕಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಭಂಡಾರ ರೋಗದ, ಅಂದರೆ ತುಕ್ಕು ರೋಗದ ಕಥೆ. ಭಾರತದಿಂದ ಅಮೆರಿಕಕ್ಕೆ ಹೋದ ಖಪ್ಲಿ, ಕಾಂಡದ ತುಕ್ಕಿನ ಬಗೆಗಳನ್ನು ಬೇರ್ಪಡಿಸಲು ಅಲ್ಲಿನ ವಿಜ್ಞಾನಿಗಳಾದ ಸ್ಟಾಕ್‌ಮನ್ ಮತ್ತು ಲೆವಿನ್ ಆರಿಸಿದ 12 ಗೋಧಿಗಳಲ್ಲಿ ಒಂದಾಯಿತು. ಆಸ್ಟ್ರೇಲಿಯಾದಲ್ಲಿ ವಾಟರ್‌ಹೌಸ್ ಇದನ್ನು ರೊಟ್ಟಿಗೋಧಿಯೊಂದಿಗೆ ಅಡ್ಡಹಾಯಿಸಿ ‘ಖಪ್‌ಸ್ಟೈನ್’ ತಳಿ ತೆಗೆದರು. 1998ರಲ್ಲಿ ಉಗಾಂಡದಲ್ಲಿ ‘ಯುಜಿ 99’ ಎಂಬ ಹೊಸ ತುಕ್ಕು ಕಾಣಿಸಿಕೊಂಡಾಗ ಜಗತ್ತಿನ ಬಹುಪಾಲು ಗೋಧಿಗೆ ಗಂಡಾಂತರ ಎದುರಾಯಿತು. ಅದನ್ನು ತಡೆಯಬಲ್ಲ ಜೀನ್‌ಗಳಲ್ಲಿ ‘ಎಸ್‌ಆರ್ 13’ ಒಂದು. ಖಪ್ಲಿಯಲ್ಲಿ ಅದು ಇದೆ. ಕ್ಯಾಲಿಫೋರ್ನಿಯಾದ ಡುಬ್ಕೊವ್‌ಸ್ಕಿ ತಂಡ 2017ರಲ್ಲಿ ಆ ಜೀನನ್ನು ಪ್ರತ್ಯೇಕಿಸಿ ತೋರಿಸಿದ ಮೇಲೆ, ಯಾವ ಡ್ಯೂರಂ ಸಸಿಯಲ್ಲಿ ಅದಿದೆ ಎಂಬುದನ್ನು ಎಲೆಯ ಚೂರಿನ ಡಿಎನ್‌ಎ ಪರೀಕ್ಷೆಯಿಂದಲೇ ಪತ್ತೆಹಚ್ಚಬಹುದು.