ಗೋವಾ ದಾರಿಯಲ್ಲಿ ಹಾವೇರಿಯ ಊಟ

ಶನಿವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು ಗೋವಾಕ್ಕೆ ಹೊರಟ ಕಾರುಗಳು ಹರಿಹರದ ಹತ್ತಿರ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ತಾಲೂಕು. ಮುಂದೆ ಮೋಟೆಬೆನ್ನೂರು, ಹಾವೇರಿ, ಶಿಗ್ಗಾಂವಿ, ಆಮೇಲೆ ಹುಬ್ಬಳ್ಳಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನ್ನುತ್ತಿದ್ದ ಈ ರಸ್ತೆಗೆ ಈಗ 48ರ ಸಂಖ್ಯೆ. ಕಾರಿನಲ್ಲಿರುವವರ ಲಕ್ಷ್ಯವೆಲ್ಲ ಪಣಜಿಯ ಕಡೆಗೆ. ಮಾಂಡೋವಿ ನದಿಯಲ್ಲಿ ದೀಪ ಹೊತ್ತಿಸಿಕೊಂಡು ನಿಂತ ಕ್ಯಾಸಿನೊ ಹಡಗುಗಳಿಗೆ ಅವರು ಸಂಜೆಯೊಳಗೆ ಮುಟ್ಟಬೇಕು. ಆದರೆ ಹೊಟ್ಟೆ ಹಸಿಯುವುದು ಹಾವೇರಿ ಜಿಲ್ಲೆಯಲ್ಲಿ.

ಈ ಒಂದೇ ಪ್ರಯಾಣದಲ್ಲಿ ಎರಡು ಬಗೆಯ ಊಟ ಎದುರಾಗುತ್ತದೆ. ಮಧ್ಯಾಹ್ನ ಹಾವೇರಿಯ ಖಾನಾವಳಿಯಲ್ಲಿ, ರಾತ್ರಿ ಕ್ಯಾಸಿನೊದ ಬಫೆಯಲ್ಲಿ. ಎರಡೂ ಕಡೆ ಕಟ್ಟಳೆ ಒಂದೇ: ಒಂದು ದರ ಕೊಡಿ, ಹೊಟ್ಟೆ ತುಂಬುವ ತನಕ ಉಣ್ಣಿ. ಕೇಳಲಿಕ್ಕೆ ಒಂದೇ ಎನಿಸುವ ಈ ಎರಡು ಊಟ ಹುಟ್ಟಿದ ಬಗೆ ಮಾತ್ರ ಪೂರ್ತಿ ಬೇರೆ. ಆ ಕಥೆ ಹಾವೇರಿಯವರಿಗೇ ಮರೆತು ಹೋಗುತ್ತಿದೆ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಹೊರಗೆ ಉಣ್ಣುವ ರೂಢಿ ಹಳೆಯದಲ್ಲ. ಊರಿಗೆ ಹೊರಟವರ ಕೈಯಲ್ಲಿ ಬುತ್ತಿಗಂಟು ಇರುತ್ತಿತ್ತು. ವಾರ ಇಟ್ಟರೂ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಒಂದು ಉಳ್ಳಾಗಡ್ಡಿ. ಬಾವಿಯೋ ಹಳ್ಳವೋ ಕಂಡಲ್ಲಿ ಮರದ ನೆರಳಿಗೆ ಕುಳಿತು ಬಿಚ್ಚಿದರೆ ಊಟ ಮುಗಿಯಿತು. ಬುತ್ತಿ ಮುಗಿದವರಿಗೆ ಮಠದ ದಾಸೋಹವಿತ್ತು, ಬೀಗರ ಮನೆ ಇತ್ತು. ಅನ್ನಕ್ಕೆ ಬೆಲೆ ಹಚ್ಚುವುದು ಪಾಪ ಎಂದು ತಿಳಿದಿದ್ದ ಕಾಲವದು. ದುಡ್ಡು ಕೊಟ್ಟು ಉಣ್ಣುವವನನ್ನು ಕಂಡರೆ ‘ಪಾಪ, ಇವನಿಗೆ ಯಾರೂ ಇಲ್ಲವೇನೋ’ ಎಂದು ಮರುಗುವವರಿದ್ದರು.

ಇದನ್ನು ಬದಲಿಸಿದ್ದು ರೈಲು ಮತ್ತು ಪೇಟೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಕಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ಹಳಿಯ ಮೇಲಿನ ನಿಲ್ದಾಣಗಳಾದವು. ಹತ್ತಿ, ಮೆಣಸಿನಕಾಯಿ, ಶೇಂಗಾ ದೂರದ ಊರುಗಳಿಗೆ ಹೋಗತೊಡಗಿದವು. ಮಾಲು ತಂದ ರೈತ ತೂಕ, ಹರಾಜು, ಪಟ್ಟಿ, ರೊಕ್ಕ ಎಂದು ದಲಾಲಿ ಅಂಗಡಿಯ ಮುಂದೆ ಒಂದೆರಡು ದಿನ ಕಾಯಲೇಬೇಕು. ಬುತ್ತಿ ಎಷ್ಟು ದಿನ ಬಂದೀತು?

ಬ್ಯಾಡಗಿಯನ್ನು ನೋಡಿದರೆ ಇದು ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ. ಹೊಸ ಮೆಣಸಿನಕಾಯಿ ಬರುವ ಜನವರಿಯಿಂದ ಬೇಸಿಗೆಯ ತನಕ ಊರಿಗೆ ಊರೇ ಕೆಂಪು, ಗಾಳಿಯಲ್ಲಿ ಘಾಟು. ರಾಯಚೂರು, ಬಳ್ಳಾರಿ ಸೀಮೆಯಿಂದ, ಆಂಧ್ರದಿಂದ ಲಾರಿಗಟ್ಟಲೆ ಚೀಲ ಬರುತ್ತವೆ. ರೈತರು, ಡ್ರೈವರ್‌ಗಳು, ಹಮಾಲರು, ಖರೀದಿಗೆ ಬಂದ ವ್ಯಾಪಾರಿಗಳು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಎಂದು ಊರಿನ ಜನಸಂಖ್ಯೆಯೇ ಏರುತ್ತದೆ. ಇಷ್ಟು ಜನರಿಗೆ ಮಧ್ಯಾಹ್ನ ಬಿಸಿ ರೊಟ್ಟಿ ಬೇಕು. ಟೆಂಡರ್ ದಿನ ಬ್ಯಾಡಗಿಯ ಖಾನಾವಳಿಯಲ್ಲಿ ಜಾಗ ಸಿಗಬೇಕಾದರೆ ಉಣ್ಣುವವರ ಬೆನ್ನ ಹಿಂದೆ ನಿಂತು ಕಾಯಬೇಕು. ಆ ಕಾಯುವಿಕೆಯಲ್ಲೇ ಅವತ್ತಿನ ದರ, ಮಳೆ, ಸಾಲ, ಮಗಳ ಮದುವೆ ಎಲ್ಲ ಮಾತಿಗೆ ಬರುತ್ತವೆ.

ಖಾನಾವಳಿ ಎಂಬ ಏರ್ಪಾಡು ಮುಂಬಯಿ ಪ್ರಾಂತದ ಕೊಡುಗೆ. 1956ರಲ್ಲಿ ರಾಜ್ಯ ಒಂದಾಗುವ ತನಕ ಧಾರವಾಡ ಜಿಲ್ಲೆ, ಅದರೊಳಗಿದ್ದ ಹಾವೇರಿ ಎಲ್ಲವೂ ಮುಂಬಯಿಗೆ ಸೇರಿದ್ದವು. ಮುಂಬಯಿಯ ಗಿರಣಿ ಕಾರ್ಮಿಕರು ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಒಂದೊಂದು ಕೋಣೆಯಲ್ಲಿ ಹತ್ತಾರು ಮಂದಿ ಇರುತ್ತಿದ್ದರು. ಅವರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕಿದವರು ಅಲ್ಲಿಯ ಹೆಣ್ಣುಮಕ್ಕಳು. ಆ ದುಡಿಮೆಗಾರ್ತಿಯರನ್ನು ಒಂದುಗೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ನಮ್ಮಲ್ಲಿ ಗಿರಣಿಯ ಜಾಗದಲ್ಲಿ ಕಾಲೇಜು, ಕೋರ್ಟು, ಪೇಟೆ ಇದ್ದವು. ಧಾರವಾಡಕ್ಕೆ ಓದಲು ಹೋದ ಹಳ್ಳಿ ಹುಡುಗರು, ತಾರೀಖಿಗೆ ಅಲೆಯುವ ಕಕ್ಷಿದಾರರು, ವರ್ಗವಾಗಿ ಬಂದ ಗುಮಾಸ್ತರು, ಮಾಸ್ತರರು ತಿಂಗಳ ಊಟ ಗೊತ್ತು ಮಾಡಿಕೊಂಡರು. 1997ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಕಚೇರಿಗಳೆಲ್ಲ ಇಲ್ಲಿಗೇ ಬಂದವು. ಕಚೇರಿ ಕೆಲಸಕ್ಕೆ ಬಂದ ಹಳ್ಳಿಗರ ಹಸಿವೂ ಅವುಗಳ ಜೊತೆ ಬಂತು.

ಒಂದು ಕಹಿ ಮಾತನ್ನೂ ಹೇಳಬೇಕು. ಈ ಊಟದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ‘ಲಿಂಗಾಯತ ಖಾನಾವಳಿ’, ‘ಬ್ರಾಹ್ಮಣರ ಖಾನಾವಳಿ’ ಎಂಬ ಬೋರ್ಡುಗಳು ಸುಮ್ಮನೆ ಹುಟ್ಟಲಿಲ್ಲ. ಯಾರ ಕೈಯ ಅಡುಗೆ, ಯಾರ ಪಕ್ಕದ ಎಲೆ ಎಂಬ ಪ್ರಶ್ನೆಗೆ ಅವು ಉತ್ತರವಾಗಿದ್ದವು. ದಲಿತರಿಗೆ ಚಹಾದ ಬಟ್ಟಲೂ ಬೇರೆ ಇತ್ತು. ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಮನೆಗಳನ್ನು ಹೆಸರಿಟ್ಟು ಹೇಳಿ, ಅಲ್ಲಿ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಎಂದು ಬರೆದದ್ದು ಈ ಅನುಭವದಿಂದಲೇ. 1955ರ ಅಸ್ಪೃಶ್ಯತಾ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧ ಮಾಡಿತು. ಜಾತಿಯ ಹೆಸರಿನ ಬೋರ್ಡು ಕೆಲವೆಡೆ ಇನ್ನೂ ಉಳಿದಿದೆ. ಒಳಗೆ ಪಂಕ್ತಿ ಮಾತ್ರ ಒಂದಾಗಿದೆ. ಬೋರ್ಡೂ ಹೋದರೆ ಒಳ್ಳೆಯದು ಎಂಬುದು ನನ್ನ ಮತ.

ಇದರ ಪಕ್ಕದಲ್ಲೇ ಉಡುಪಿ ಹೋಟೆಲು ಬಂತು, ಇಡ್ಲಿ ದೋಸೆ ತಂದಿತು. ನೇಕಾರಿಕೆಯ ನಂಟಿನ ಎಸ್‌ಎಸ್‌ಕೆ ಸಮಾಜದವರ ಸಾವಜಿ ಖಾನಾವಳಿ ಮಾಂಸದ ಊಟಕ್ಕೆ ಹೆಸರಾಯಿತು. ಎಷ್ಟೋ ದಿನ ಜನರ ಮನಸ್ಸಿನಲ್ಲಿ ‘ಹೋಟೆಲು’ ಎಂದರೆ ಪುರಿ, ದೋಸೆ, ಚಹಾ. ಜೋಳದ ರೊಟ್ಟಿ ಮನೆಯ ಊಟ, ಬಡವರ ಊಟ. ರಾಗಿಯೂ ಅಕ್ಕಿಯೂ ಹಿರಿತನಕ್ಕೆ ಜಗಳವಾಡಿ ಕೊನೆಗೆ ರಾಗಿ ಗೆಲ್ಲುವ ‘ರಾಮಧಾನ್ಯಚರಿತೆ’ಯನ್ನು ಬರೆದ ಕನಕದಾಸರು ಇದೇ ಜಿಲ್ಲೆಯ ಬಾಡದವರು. ಜೋಳಕ್ಕೂ ಅಂಥದೊಂದು ಗೆಲುವು ಸಿಕ್ಕಿದ್ದು ತೀರ ಈಚೆಗೆ. ಬೆಂಗಳೂರಿನಲ್ಲಿ ‘ಉತ್ತರ ಕರ್ನಾಟಕ ಶೈಲಿಯ ಊಟ’ ಎಂಬ ಬೋರ್ಡು ಜನ ಸೆಳೆಯತೊಡಗಿದ ಮೇಲೆ.

ಇನ್ನು ಖಾನಾವಳಿಯ ತಾಟಿಗೆ ಬರೋಣ. ಮೊದಲು ಬರುವುದು ಹಸಿ ಮೆಂತ್ಯ, ಉಳ್ಳಾಗಡ್ಡಿ, ಸವತಿಕಾಯಿ. ಆಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅದರ ಮೇಲೆ ಗಟ್ಟಿ ಮೊಸರು ಅಥವಾ ಎಣ್ಣೆ. ಎಣ್ಣೆಗಾಯಿ ಬದನೆಕಾಯಿ, ಒಂದು ಕಾಳಿನ ಪಲ್ಯ, ಒಮ್ಮೊಮ್ಮೆ ಝುಣಕ ಇಲ್ಲವೇ ಪುಂಡಿ ಪಲ್ಯ. ಒಳಗೆ ರೊಟ್ಟಿ ಬಡಿಯುವ ಸದ್ದು, ಹೊರಗೆ ಹಂಚಿನಿಂದ ನೇರ ತಾಟಿಗೆ ಬೀಳುವ ಉಬ್ಬಿದ ರೊಟ್ಟಿ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಇಷ್ಟರ ನಡುವೆ ಬಡಿಸುವವರ ಮಾತು.

“ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ?”

“ಬ್ಯಾಡ್ರೀ ಅಕ್ಕಾರ, ಸಾಕಾತು.”

“ಎಲ್ಲಿ ಸಾಕ್ರೀ? ಒಂದ ರೊಟ್ಟಿ ಉಂಡು ಏಳ್ತಾರೇನ್ರೀ ಯಾರರ?”

ಉಣ್ಣುವವನು ಹೆಚ್ಚು ಉಂಡರೆ ಖಾನಾವಳಿಗೆ ಲುಕ್ಸಾನು. ಆದರೂ ಅಕ್ಕ ಒತ್ತಾಯ ಮಾಡುತ್ತಾಳೆ. ದಾಸೋಹದ ನಡವಳಿಕೆ ವ್ಯಾಪಾರದೊಳಗೂ ಬಂದು ಉಳಿದಿದ್ದರ ಗುರುತು ಅದು.

ಈಗ ಕ್ಯಾಸಿನೊ ಬಫೆ ಹುಟ್ಟಿದ ಕಥೆ. ಅಮೆರಿಕದ ನೆವಾಡಾ ರಾಜ್ಯ 1931ರಲ್ಲಿ ಜೂಜನ್ನು ಕಾನೂನಿನ ಒಳಗೆ ತಂದಿತು. ಲಾಸ್ ವೇಗಸ್ ಊರ ಹೊರಗೆ, ಲಾಸ್ ಏಂಜಲೀಸಿನ ಹೆದ್ದಾರಿಯ ಮಗ್ಗುಲಲ್ಲಿ, 1941ರಲ್ಲಿ ಎಲ್ ರಾಂಚೊ ವೇಗಸ್ ಎಂಬ ಹೋಟೆಲು ತೆರೆಯಿತು. ಇಂದು ‘ಸ್ಟ್ರಿಪ್’ ಎಂದು ಕರೆಯುವ ಬೀದಿಯ ಮೊದಲ ಕ್ಯಾಸಿನೊ ಹೋಟೆಲು ಅದೇ. ರಾತ್ರಿಯ ಕಾರ್ಯಕ್ರಮ ಮುಗಿದೊಡನೆ ಜನ ಹೊರಟು ಹೋಗುತ್ತಾರಲ್ಲ, ಅವರನ್ನು ಜೂಜಿನ ಮೇಜಿನ ಹತ್ತಿರ ಉಳಿಸಿಕೊಳ್ಳುವುದು ಹೇಗೆ? 1940ರ ದಶಕದಲ್ಲಿ ಅಲ್ಲಿಯವರು ಕಂಡುಕೊಂಡ ದಾರಿ ಒಂದು ಡಾಲರಿಗೆ ಬೇಕಾದಷ್ಟು ತಿನ್ನುವ ಮಧ್ಯರಾತ್ರಿಯ ಬಫೆ. ಊಟದಲ್ಲಿ ನಷ್ಟವಾದರೂ ಮೇಜಿನ ಮೇಲೆ ಅದು ತಿರುಗಿ ಬರುತ್ತಿತ್ತು. ಉಳಿದ ಕ್ಯಾಸಿನೊಗಳೂ ಅದನ್ನೇ ಹಿಡಿದವು.

ಮುಂದೆ ಅಲ್ಲಿಯೂ ಗಾಳಿ ಬದಲಾಯಿತು. 1992ರಲ್ಲಿ ಹೆಸರಾಂತ ಬಾಣಸಿಗ ವುಲ್ಫ್‌ಗ್ಯಾಂಗ್ ಪಕ್ ಸೀಸರ್ಸ್ ಪ್ಯಾಲೇಸಿನ ಅಂಗಡಿ ಸಾಲಿನಲ್ಲಿ ತಮ್ಮ ‘ಸ್ಪಾಗೊ’ ರೆಸ್ಟೋರೆಂಟ್ ತೆರೆದರು. ಅವರ ಹಿಂದೆ ದೊಡ್ಡ ದೊಡ್ಡ ಬಾಣಸಿಗರು ಬಂದರು. ಈಗ ಸ್ಟ್ರಿಪ್‌ನ ಆದಾಯದಲ್ಲಿ ಜೂಜಿಗಿಂತ ಕೋಣೆ, ಊಟ, ಮನರಂಜನೆಗಳ ಪಾಲೇ ದೊಡ್ಡದು. ಜೂಜಿಗೆ ಜನರನ್ನು ಕರೆಯಲೆಂದು ಇಟ್ಟ ಊಟವೇ ದುಬಾರಿ ಸರಕಾಯಿತು. ಅಗ್ಗದ ಬಫೆಗಳು ಒಂದೊಂದಾಗಿ ಮುಚ್ಚಿದವು, 2020ರ ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿದ ಹಲವು ಮತ್ತೆ ತೆರೆಯಲೇ ಇಲ್ಲ.

ಗೋವಾ ಈ ಮಾದರಿಯನ್ನು ತಡವಾಗಿ ತಂದುಕೊಂಡಿತು. 1976ರ ಅಲ್ಲಿಯ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅನುಮತಿ ಸಿಕ್ಕಿತು. 1996ರ ತಿದ್ದುಪಡಿ ಹಡಗುಗಳಿಗೆ ದಾರಿ ಮಾಡಿತು. ಪ್ರವೇಶದ ದುಡ್ಡಿನಲ್ಲೇ ಬಫೆ ಊಟವೂ ಸೇರಿರುವುದು ಅಲ್ಲಿಯ ಸಾಮಾನ್ಯ ಪದ್ಧತಿ. 2020ರಿಂದ ಗೋವಾದವರೇ ಅಲ್ಲಿ ಆಡುವಂತಿಲ್ಲ ಎಂದು ಆ ಸರ್ಕಾರ ಕಟ್ಟಳೆ ಮಾಡಿತು. ತನ್ನ ಮಕ್ಕಳಿಗೆ ಬೇಡವೆಂದದ್ದನ್ನು ನೆರೆಯವರಿಗೆ ಇಟ್ಟ ಹಾಗಾಯಿತು. ಆ ನೆರೆಯವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಕರ್ನಾಟಕದಲ್ಲಿ ಕ್ಯಾಸಿನೊಗೆ ಅವಕಾಶವಿಲ್ಲದ ಕಾರಣ ಇಲ್ಲಿಂದ ಹೋಗುವವರು ಬಹಳ.

ಆ ಬಫೆಯಲ್ಲೂ ಹಾವೇರಿಯ ಕೈ ಇರಲು ಸಾಕು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದದ್ದು. ಘಟ್ಟ ಹತ್ತಿ ನಮ್ಮ ಎರೆಮಣ್ಣಿಗೆ ಒಗ್ಗಿಕೊಂಡು, ಖಾರ ಕಡಿಮೆಯಾಗಿ ಬಣ್ಣ ದಟ್ಟವಾಗಿ, ಸುಕ್ಕುಗಟ್ಟಿದ ಬ್ಯಾಡಗಿ ಕಾಯಿ ಆಯಿತು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿ ಮಂಗಳೂರಿನ ಗಸಿಗೆ, ಗೋವಾದ ಮೀನು ಸಾರಿಗೆ ಕೆಂಪು ಕೊಡುತ್ತದೆ. ಅದರಿಂದ ತೆಗೆದ ಬಣ್ಣದ ಸಾರ ಆಹಾರ, ಸೌಂದರ್ಯ ಸಾಧನಗಳ ಕಾರ್ಖಾನೆಗಳಿಗೆ ಹೋಗುತ್ತದೆ. ಗೋವಾದ ದಾರಿಯಿಂದ ಬಂದ ಬೆಳೆ ಗೋವಾದ ಅಡುಗೆಮನೆಗೇ ತಿರುಗಿ ಹೋಗುತ್ತಿದೆ.

ಎರಡೂ ಊಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ತೀರ್ಮಾನ ಸ್ಪಷ್ಟವಿದೆ. ಕ್ಯಾಸಿನೊದ ಊಟ ಉಣ್ಣುವವನು ಇನ್ನೇನೋ ಕಳೆದುಕೊಳ್ಳಲಿ ಎಂದು ಇಟ್ಟದ್ದು. ಖಾನಾವಳಿಯ ಊಟದ ಹಿಂದೆ ಬೇರೆ ಲೆಕ್ಕವಿಲ್ಲ. ಬಂದವನು ಉಂಡು ತನ್ನ ಕೆಲಸಕ್ಕೆ ಹೋಗಲಿ ಎಂಬಷ್ಟೇ. ರಜೆಯಲ್ಲಿ ಚೆನ್ನಾಗಿ ಉಣ್ಣಬೇಕೆಂಬ ಆಸೆ ತಪ್ಪಲ್ಲ, ದುಡಿಯುವ ಜನಕ್ಕೆ ಅದು ಬೇಕೇ ಬೇಕು. ಆದರೆ ಪ್ರಯಾಣದ ಒಳ್ಳೆಯ ಊಟ ದಾರಿಯಲ್ಲೇ ಇದ್ದಾಗ ಅದನ್ನು ದಾಟಿ ಹೋಗುವುದೇಕೆ?

ದಾಟಿ ಹೋಗುವುದಕ್ಕೆ ರಸ್ತೆಯೂ ಕಾರಣ. ಸುವರ್ಣ ಚತುಷ್ಪಥದ ಕೆಲಸ ಮುಗಿದ ಮೇಲೆ ವಾಹನಗಳು ಊರ ಹೊರಗಿನಿಂದಲೇ ಸಾಗುತ್ತವೆ. ಹೆದ್ದಾರಿಯ ಬದಿಗೆ ಢಾಬಾ, ಫುಡ್ ಕೋರ್ಟ್ ಎದ್ದಿವೆ. ಬಸ್‌ಸ್ಟ್ಯಾಂಡಿನ ಹತ್ತಿರ, ಪೇಟೆಯ ಓಣಿಯಲ್ಲಿ, ಕೋರ್ಟಿನ ಎದುರಿನಲ್ಲಿ ಇರುವ ಖಾನಾವಳಿಗಳು ಊರ ಗಿರಾಕಿಗಳನ್ನು ನಂಬಿಯೇ ನಡೆಯುತ್ತಿವೆ. ರೊಟ್ಟಿ ಬಡಿಯುವವರು ಸಿಗುವುದೂ ಕಷ್ಟ. ಬೆಂಕಿಯ ಮುಂದೆ ದಿನವಿಡೀ ಕುಳಿತು ಬಡಿಯುವ ಕೆಲಸಕ್ಕೆ ಹೊಸ ತಲೆಮಾರಿನ ಹೆಣ್ಣುಮಕ್ಕಳು ಬರುವುದಿಲ್ಲ, ಬರಬೇಕೆಂದು ಹೇಳುವ ಹಕ್ಕೂ ನಮಗಿಲ್ಲ. ಕೂಲಿ ಹೆಚ್ಚಬೇಕು, ಒಲೆಗೆ ಹೊಗೆ ಕೊಳವೆ ಬೇಕು, ಕುಳಿತು ಬಡಿಯುವ ಕಟ್ಟೆ ಎತ್ತರವಾಗಬೇಕು. ರೊಟ್ಟಿಯನ್ನು ಹೊಗಳುವ ನಾವು ಆ ಕೈಗಳ ಲೆಕ್ಕವನ್ನೂ ಕೇಳಬೇಕು.

ಜಿಲ್ಲಾಡಳಿತದ ಪ್ರವಾಸಿ ಪಟ್ಟಿಯಲ್ಲಿ ಹಾವೇರಿಯ ಸಿದ್ಧೇಶ್ವರ ದೇವಾಲಯ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ಕಾಗಿನೆಲೆ, ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ಗಳ ಪಕ್ಕದಲ್ಲಿ ಊರೊಳಗಿನ ಖಾನಾವಳಿಗಳ ವಿಳಾಸವನ್ನೂ ಹಾಕಲಿ. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಒಂದು ಫಲಕ ನಿಲ್ಲಿಸಲಿ, ಖರ್ಚು ದೊಡ್ಡದಲ್ಲ.

ಗೋವಾಕ್ಕೆ ಹೊರಟವರಿಗೆ ನನ್ನ ವಿನಂತಿ ಇಷ್ಟು. ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಹೆದ್ದಾರಿ ಬಿಟ್ಟು ಊರೊಳಗೆ ಬನ್ನಿ. ಯಾರನ್ನು ಕೇಳಿದರೂ ಒಳ್ಳೆಯ ಖಾನಾವಳಿ ತೋರಿಸುತ್ತಾರೆ. ಮಧ್ಯಾಹ್ನ ಎರಡರೊಳಗೆ ಬಂದರೆ ಒಳ್ಳೆಯದು, ಆಮೇಲೆ ಬಿಸಿ ರೊಟ್ಟಿ ಸಿಗುವುದು ಕಷ್ಟ. ಉಂಡು ಏಳುವಾಗ ಒಳಗೆ ರೊಟ್ಟಿ ಬಡಿದವರಿಗೂ ಒಂದು ಮಾತು ಹೇಳಿ ಹೋಗಿ.