ಚಿನ್ನವನ್ನು ತೂಗಿದೆವು, ಊರನ್ನು ಮರೆತೆವು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಉಪವಿಭಾಗಾಧಿಕಾರಿಯಾಗಿ ತೊಂಬತ್ತರ ದಶಕದಲ್ಲಿ ಕೆಲಸ ಮಾಡುತ್ತಿದ್ದಾಗ, ಶಿರಾ ತಾಲ್ಲೂಕಿನ ಒಂದು ಹಳ್ಳಿಗೆ ಗಡಿ ತಕರಾರಿನ ಸ್ಥಳ ತನಿಖೆಗೆಂದು ಹೋಗಿದ್ದೆ. ಎರಡು ಹೊಲಗಳ ನಡುವೆ ಮುಳ್ಳುಕಂಟಿ ಬೆಳೆದ ಹಳೆಯ ಗುಂಡಿಯೊಂದಿತ್ತು. ಪಹಣಿಯ ಪ್ರಕಾರ ಅದು ‘ಖರಾಬು’. ಜೊತೆಗಿದ್ದ ಹಿರಿಯ ರೈತರೊಬ್ಬರು, ‘ಖರಾಬಲ್ಲ ಸ್ವಾಮಿ, ನಮ್ಮ ಹಿರೀಕರು ಚಿನ್ನ ತೆಗೀತಿದ್ದ ಗುಂಡಿ’ ಎಂದರು. ತಕರಾರನ್ನು ಇತ್ಯರ್ಥಪಡಿಸಿ ಹಿಂದಿರುಗಿದೆ. ಅವರ ಮಾತನ್ನು ವರದಿಯಲ್ಲಿ ಬರೆಯಲಿಲ್ಲ. ನಮೂನೆಯಲ್ಲಿ ಅದಕ್ಕೊಂದು ಕಲಮು ಇರಲಿಲ್ಲ.

ಆ ಮಾತು ಬರಿಯ ಕಟ್ಟುಕಥೆಯಾಗಿರಬೇಕಿಲ್ಲ ಎಂಬುದು ಬಹಳ ತಡವಾಗಿ ನನಗೆ ಮನವರಿಕೆಯಾಯಿತು. ಚಿತ್ರದುರ್ಗದ ಕಡೆಯಿಂದ ದಕ್ಷಿಣಕ್ಕೆ ಚಾಚಿರುವ ಶಿಲಾಪಟ್ಟಿಯಲ್ಲಿ ಅಲ್ಲಲ್ಲಿ ಚಿನ್ನವಿದೆ. ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ತೆರೆದ ಗಣಿಯನ್ನು ನಡೆಸಿತ್ತು. ತುಮಕೂರು ಜಿಲ್ಲೆಯದೇ ಆದ ಬೆಳ್ಳಾರದಲ್ಲಿಯೂ ಚಿನ್ನ ತೆಗೆದಿದ್ದುಂಟು. ಪಾವಗಡದಿಂದ ಗಡಿ ದಾಟಿದರೆ ಆಂಧ್ರದ ರಾಮಗಿರಿ ಸಿಗುತ್ತದೆ. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿ ನಡೆಸಿದ್ದು ಕೋಲಾರದಲ್ಲಿ ಹೆಸರು ಮಾಡಿದ ಜಾನ್ ಟೇಲರ್ ಸಂಸ್ಥೆಯೇ. ಈ ಸಣ್ಣ ಊರುಗಳಿಗೆ ಏನಾಯಿತೆಂಬುದನ್ನು ಅರಿಯಬೇಕಾದರೆ ದೊಡ್ಡಣ್ಣನಂತಿದ್ದ ಕೋಲಾರದ ಕಥೆಯನ್ನು ಮೊದಲು ನೋಡಬೇಕು.

ಟಿಪ್ಪುವಿನ ಪತನಾನಂತರ ಮೈಸೂರಿನ ಗಡಿ ಮೋಜಣಿಗೆ ನಿಯುಕ್ತನಾಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಆ ಸೀಮೆಗೆ ಬಂದ. ಚಿನ್ನದ ಸುದ್ದಿ ಕೇಳಿ ಬಹುಮಾನ ಘೋಷಿಸಿದ. ಹಳ್ಳಿಗರು ಮಣ್ಣು ತಂದು ಅವನೆದುರೇ ಜಾಲಿಸಿ ಚಿನ್ನದ ಕಣಗಳನ್ನು ತೋರಿಸಿದರು. ವಾರನ್ನನ ವರದಿಯನ್ನು ಓದಿದ ಐರಿಷ್ ಮಾಜಿ ಸೈನಿಕ ಮೈಕೆಲ್ ಲ್ಯಾವೆಲ್, 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿ ಹೂಡಿಸಿಕೊಂಡು ಹೊರಟ. 1875ರಲ್ಲಿ ಅವನಿಗೆ ಗಣಿಗಾರಿಕೆಯ ಹಕ್ಕು ದೊರೆಯಿತಾದರೂ ಬಂಡವಾಳ ಸಾಲದೆ ಅದನ್ನು ಇತರರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಬಂದ ಮೇಲೆ ನಿಜವಾದ ಚಿನ್ನದ ಸುಗ್ಗಿ ಆರಂಭವಾಯಿತು.

ಚಿನ್ನದ ಹಾದಿ ಹಾದುಹೋದಲ್ಲೆಲ್ಲ ಊರುಗಳು ಬೆಳೆದವು. ಕಮಿಷನರ್ ಬೌರಿಂಗನ ಹೆಸರು ಹೊತ್ತಿದ್ದ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಅಲ್ಲಿಂದ ಮಾರಿಕುಪ್ಪಮ್ಮಿಗೆ 1894ರಲ್ಲಿ ರೈಲು ಓಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಯನ್ನು ತಲುಪಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅನಂತರ, 1905ರಲ್ಲಿ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತು. ಗಣಿ ಮೂರು ಕಿಲೋಮೀಟರಿಗೂ ಮಿಗಿಲಾಗಿ ಆಳಕ್ಕೆ ಇಳಿಯಿತು. ಆ ಆಳದಲ್ಲಿ ದುಡಿದವರು ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ಬಡ ತಮಿಳರು, ಅವರಲ್ಲೂ ಹೆಚ್ಚಿನವರು ದಲಿತರು. ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಈ ಜನರೇ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗನ್ನಿಸುವುದು ಇಷ್ಟು. ಈ ಸುಗ್ಗಿಯಲ್ಲಿ ತೂಕಕ್ಕೆ ಸಿಕ್ಕಿದ್ದೆಲ್ಲ ದಾಖಲಾಯಿತು, ಸಿಗದಿದ್ದುದು ಬಿಟ್ಟುಹೋಯಿತು. ಔನ್ಸುಗಳ ಲೆಕ್ಕವಿದೆ, ಮೈಸೂರು ಸರ್ಕಾರಕ್ಕೆ ಸಂದ ರಾಜಧನದ ಲೆಕ್ಕವಿದೆ. ಲ್ಯಾವೆಲ್‌ನ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ರಸ್ತೆಯಿದೆ. ವಾರನ್ನನೆದುರು ಮಣ್ಣು ಜಾಲಿಸಿದವರ ಹೆಸರಿನಲ್ಲಿ ಯಾವ ರಸ್ತೆಯೂ ಇಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಹೋಗಿ ರಾತ್ರಿ ಮರಳುವುದು ಅಲ್ಲಿನ ಸಾವಿರಾರು ಜನರ ಬದುಕಾಯಿತು. ಸಯನೈಡ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಸಮ್ಮತಿಸಿತು. ಕಸಕ್ಕೂ ಬೆಲೆ ಕಟ್ಟಿದ್ದೇವೆ, ಸಂತೋಷ. ಗಣಿಯ ಸಾಲುಮನೆಗಳ ನೆನಪಿಗೆ ಬೆಲೆ ಕಟ್ಟುವವರು ಯಾರು?

ಕೋಲಾರದ ಬಗ್ಗೆಯಾದರೂ ಪುಸ್ತಕಗಳಿವೆ, ಸಿನಿಮಾಗಳಿವೆ. ನಮ್ಮ ಶಿರಾ ಸೀಮೆಯ ಗುಂಡಿಗಳಿಗೆ ಅದೂ ಇಲ್ಲ. ಹಾಗೆಂದು ಇದು ಕೇವಲ ಹಳೆಯ ಕಾಲದ ಹಂಬಲವಲ್ಲ. ಪಾವಗಡದಲ್ಲಿ ನಮ್ಮ ಕಣ್ಣೆದುರೇ ಇನ್ನೊಂದು ಸುಗ್ಗಿ ನಡೆದಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ. ಪಹಣಿಯಲ್ಲಿ ಹೆಸರಿದ್ದವನಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಅದೇ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂರಹಿತನಿಗೆ ಪಹಣಿಯಲ್ಲಿ ಹೆಸರಿಲ್ಲ; ಆದ್ದರಿಂದ ಬಾಡಿಗೆಯೂ ಇಲ್ಲ. ಕೋಲಾರದ ಪಾಠವೇ ಇಲ್ಲಿಯೂ ಮರುಕಳಿಸುತ್ತಿದೆ: ದಾಖಲೆಯಲ್ಲಿ ಇಲ್ಲದವನು ಮೊದಲು ಪಾಲನ್ನು ಕಳೆದುಕೊಳ್ಳುತ್ತಾನೆ, ಅನಂತರ ಚರಿತ್ರೆಯನ್ನು.

ಇದಕ್ಕೆ ದೊಡ್ಡ ಸ್ಮಾರಕವೇನೂ ಬೇಕಿಲ್ಲ. ಅಜ್ಜನಹಳ್ಳಿ, ಬೆಳ್ಳಾರಗಳಲ್ಲಿ ಗಣಿ ಕೆಲಸ ಕಂಡವರು ಈಗಲೂ ಇದ್ದಾರು. ನಮ್ಮ ಕಾಲೇಜುಗಳ ಇತಿಹಾಸ, ಅರ್ಥಶಾಸ್ತ್ರ ವಿಭಾಗಗಳು ಅವರ ಮಾತನ್ನು ಬರೆದಿಟ್ಟುಕೊಳ್ಳಲಿ. ಹಳೆಯ ಗುಂಡಿಗಳನ್ನು ಮುಚ್ಚಿ ಸಮತಟ್ಟು ಮಾಡುವ ಮೊದಲು ಭೂವಿಜ್ಞಾನಿಗಳು ಒಮ್ಮೆ ನೋಡಿ ಗುರುತು ಹಾಕಲಿ. ಸೌರ ಉದ್ಯಾನದ ಹಳ್ಳಿಗಳಲ್ಲಿ ಭೂರಹಿತ ಕುಟುಂಬಗಳ ಪಟ್ಟಿಯೊಂದನ್ನು ಗ್ರಾಮ ಪಂಚಾಯಿತಿ ಇಂದೇ ಸಿದ್ಧಪಡಿಸಲಿ. ಗುತ್ತಿಗೆಯ ಅವಧಿ ಮುಗಿಯುವ ಹೊತ್ತಿಗೆ ಆ ಪಟ್ಟಿಯೇ ಚರಿತ್ರೆಯಾಗಿರುತ್ತದೆ.

ಅಂದು ಆ ಹಿರಿಯರು ಹೇಳಿದ್ದನ್ನು ಬರೆದುಕೊಳ್ಳಲು ನನಗೆ ಬೇಕಾಗಿದ್ದುದು ಒಂದೇ ಸಾಲು. ವರದಿಯ ಕೊನೆಯಲ್ಲಿ ಷರಾ ಬರೆಯುವಷ್ಟು ಜಾಗವಂತೂ ಇತ್ತು. ಮೂವತ್ತು ವರ್ಷ ತಡವಾಗಿ ಆ ಸಾಲನ್ನು ಇಲ್ಲಿ ಬರೆಯುತ್ತಿದ್ದೇನೆ: ಅದು ಖರಾಬಲ್ಲ.