ಕಟ್ಟೆಯ ಮರ ಮತ್ತು ಸಿಮೆಂಟು

ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ನಗರದಲ್ಲಿ 2018ರ ಸುಮಾರಿಗೆ 316 ಬಸ್ ತಂಗುದಾಣಗಳ ಚಾವಣಿಗಳ ಮೇಲೆ ಸೀಡಮ್ ಎಂಬ ದಪ್ಪ ಎಲೆಯ ಕಿರುಗಿಡಗಳನ್ನು ಬೆಳೆಸಿದರು. ಅವುಗಳ ಹೂವನ್ನರಸಿ ಜೇನ್ನೊಣಗಳು ಬರಲೆಂಬುದು ಅದರ ಉದ್ದೇಶ. ಇದನ್ನು ಓದಿದಾಗ ನಮಗೆ ನೆನಪಾಗುವುದು ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಮರದ ಕಟ್ಟೆ. ಬೇವು, ಅರಳಿ, ಆಲಗಳ ಬುಡಕ್ಕೆ ಕಲ್ಲು ಜೋಡಿಸಿ ಮಣ್ಣು ತುಂಬಿದ ಈ ಜಗುಲಿಯು ಬೀದಿಯ ಆಸನವೂ ಹೌದು, ಬಸ್ಸಿಗೆ ಕಾಯುವ ತಾಣವೂ ಹೌದು. ಅದರ ಚಾವಣಿಯೇ ಸಜೀವವಾದುದು.

ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ಚಾವಣಿಯ ಮೇಲಿನ ನಾಲ್ಕು ಬೆರಳು ಮಣ್ಣು ಬಹುಬೇಗ ಒಣಗಿಹೋದೀತು. ಮರವಾದರೋ ಆಳದಿಂದ ನೀರನ್ನು ಸೆಳೆದು ಎಲೆಗಳ ರಂಧ್ರಗಳ ಮೂಲಕ ಆವಿಯಾಗಿ ಬಿಡುತ್ತದೆ. 1 ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಉಷ್ಣ ಬೇಕು. ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಹೊರಬಿಡುವುದೆಂದು ಭಾವಿಸೋಣ. ಆಗ ಅದು ಹೀರುವ ಉಷ್ಣವು, 1 ಕಿಲೋವಾಟಿನ ಏಳು ವಿದ್ಯುತ್ ಒಲೆಗಳು ಹತ್ತು ತಾಸು ಉರಿದು ಕೊಡುವ ಉಷ್ಣಕ್ಕೆ ಹತ್ತಿರವಾಗುತ್ತದೆ! ನೆರಳಿನ ಉಪಕಾರ ಬೇರೆಯೇ ಉಂಟು. ಬೆಂಗಳೂರಿನ ಬೀದಿಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮರಗಳಿರುವೆಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೂ, ರಸ್ತೆಯ ಮೈ 27.5 ಡಿಗ್ರಿಯವರೆಗೂ ತಂಪಾಗಿದ್ದಿತು.

ಆದರೆ ತಂಪನ್ನು ಬಯಸಿ ಕಟ್ಟೆಗೆ ಬರುವವರು ಮನುಷ್ಯರು ಮಾತ್ರ. ಉಳಿದವರು ಬರುವುದು ಹಣ್ಣಿಗಾಗಿ. ಅತ್ತಿಯ ಹಣ್ಣು ಬಿಡಿಸಿದರೆ ಬರೀ ಹುಳುವೆಂಬ ಗಾದೆಯನ್ನು ಎಲ್ಲರೂ ಕೇಳಿರುವರು. ಆ 'ಹುಳು'ಗಳಲ್ಲಿ ಮುಖ್ಯವಾದುದು ಒಂದೆರಡು ಮಿಲಿಮೀಟರ್ ಉದ್ದದ ಕಣಜ. ಅತ್ತಿ, ಅರಳಿ, ಆಲಗಳ ಹೂಗಳು ಕಾಯಿಯಂತೆ ತೋರುವ ಗೂಡಿನೊಳಗೆ ಅಡಗಿರುತ್ತವೆ. ಹೆಣ್ಣು ಕಣಜವು ಅದರ ಬಾಯಿಯಿಂದ ನುಸುಳಿ, ಪರಾಗವನ್ನು ಸವರಿ, ಮೊಟ್ಟೆಯಿಡುತ್ತದೆ. ಪ್ರತಿಯೊಂದು ಜಾತಿಯ ಮರಕ್ಕೂ ಅದಕ್ಕೇ ಒಗ್ಗಿದ ಕಣಜವಿದೆ. ಅದು ಬಾರದಿದ್ದರೆ ಬೀಜವಿಲ್ಲ; ಮರವಿಲ್ಲದಿದ್ದರೆ ಕಣಜಕ್ಕೆ ಸಂತಾನವಿಲ್ಲ.

ಇಲ್ಲೊಂದು ತೊಡಕುಂಟು. ಒಂದು ಮರದ ಕಾಯಿಗಳೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಬಲಿಯುತ್ತವೆ. ಆದುದರಿಂದ ಹೊಸದಾಗಿ ಹೊರಬಿದ್ದ ಹೆಣ್ಣು ಕಣಜವು, ಅದೇ ಸಮಯಕ್ಕೆ ಹೂಗೂಡು ತೆರೆದಿರುವ ಬೇರೊಂದು ಮರವನ್ನು ಹುಡುಕಬೇಕು. ಅದರ ಆಯುಸ್ಸಾದರೋ ಒಂದೆರಡು ದಿನ! ಗಾಳಿಯು ಅದನ್ನು ಬಹುದೂರ ಒಯ್ಯಬಲ್ಲದು, ನಿಜ. ಆದರೂ ಊರಿನಲ್ಲಿ ಒಂದೇ ಅರಳಿಕಟ್ಟೆ ಉಳಿದರೆ ಸಾಲದು, ಊರೂರಿಗೂ ಹಲವು ಬೇಕು. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ಜನರು ಔದುಂಬರವನ್ನು, ಎಂದರೆ ಅತ್ತಿಮರವನ್ನು, ಪೂಜ್ಯವೆಂದು ಕಾಪಾಡಿರುವುದು ಕಣಜದ ಪಾಲಿಗೂ ಒಳಿತೇ ಆಗಿದೆ. ಹೀಗೆ ಮರಗಳು ಬೇರೆಬೇರೆ ಕಾಲಕ್ಕೆ ಹಣ್ಣು ಬಿಡುವುದರಿಂದ ಕೋಗಿಲೆ, ಗೊರವಂಕ, ಕುಟ್ರಹಕ್ಕಿ, ಬಾವಲಿಗಳಿಗೆ ಬೇರೆ ಹಣ್ಣುಗಳಿಲ್ಲದ ದಿನಗಳಲ್ಲೂ ಆಹಾರ ದೊರೆಯುತ್ತದೆ.

ಈಗ ಅನೇಕ ಕಟ್ಟೆಗಳಿಗೆ ಕಾಂಡದವರೆಗೂ ಸಿಮೆಂಟು ಮೆತ್ತಿ, ನುಣುಪಾದ ಹಾಸುಬಿಲ್ಲೆ ಕೂರಿಸುವುದು ರೂಢಿಯಾಗಿದೆ. ನೋಟಕ್ಕೆ ಚೊಕ್ಕಟವೇ ಸರಿ. ಆದರೆ ಬೇರೂ ಉಸಿರಾಡುತ್ತದೆ. ಅದಕ್ಕೆ ಮಣ್ಣಿನ ರಂಧ್ರಗಳಲ್ಲಿನ ಆಮ್ಲಜನಕ ಬೇಕು. ಸಿಮೆಂಟಿನ ಮೇಲೆ ಬಿದ್ದ ಮಳೆ ಚರಂಡಿಗೆ ಹರಿಯುತ್ತದೆ, ಮರವು ಬಾಡುತ್ತ ಬರುತ್ತದೆ, ನಾವು ಲೆಕ್ಕ ಹಾಕಿದ ಏಳು ಒಲೆಗಳ ತಂಪೂ ಕುಗ್ಗುತ್ತದೆ. ಕಲ್ಲುಸಂದಿಯ ಓತಿ, ಹಾವುರಾಣಿಗಳು ಮನೆ ಕಳೆದುಕೊಳ್ಳುವುದನ್ನು ಯಾರೂ ಎಣಿಸುವುದೇ ಇಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ 1 ಮೀಟರಿನಷ್ಟು ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ನಮ್ಮ ಕಟ್ಟೆಗಳಿಗೆ ಅಷ್ಟಾದರೂ ಆಗಬೇಕು. ಗಾರೆಯಿಲ್ಲದೆ ಜೋಡಿಸಿದ ಅಂಚುಗಲ್ಲಿನ ಮೇಲೆ ಕುಳಿತುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಏಪ್ರಿಲ್ ತಿಂಗಳಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಮಣ್ಣಿನ ಕಟ್ಟೆಯ ಮೇಲೂ ಸಿಮೆಂಟಿನ ಕಟ್ಟೆಯ ಮೇಲೂ, ನೆರಳಿನಲ್ಲಿಯೇ, ಒಂದೇ ಎತ್ತರಕ್ಕೆ ಉಷ್ಣಮಾಪಕಗಳನ್ನು ತೂಗುಹಾಕಿ ಗುರುತಿಸಿಕೊಳ್ಳಲಿ. ಬಳಿಕ ಎರಡಕ್ಕೂ ಒಂದೊಂದು ತಂಬಿಗೆ ನೀರು ಸುರಿದು, ಅದು ಎತ್ತ ಹೋಗುವುದೆಂದು ಗಡಿಯಾರ ಹಿಡಿದು ನೋಡಲಿ.